ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್: ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ

ಅಮೆರಿಕದ ಪಶ್ಚಿಮ ಭಾಗದ ರಾಷ್ಟ್ರೀಯ ಉದ್ಯಾನಗಳನ್ನು ನೋಡಲು ಹೊರಡುವ ನಮ್ಮ ಕಡೆಯ ಕುಟುಂಬಗಳು ವಿಮಾನದ ಟಿಕೆಟ್, ಬಾಡಿಗೆ ಕಾರು, ಹೋಟೆಲುಗಳ ಲೆಕ್ಕವನ್ನು ತಿಂಗಳುಗಟ್ಟಲೆ ಹಾಕುತ್ತವೆ. ಉದ್ಯಾನಗಳ ಪ್ರವೇಶ ಶುಲ್ಕವನ್ನು ಮಾತ್ರ ಗೇಟಿನಲ್ಲಿ ನೋಡಿಕೊಂಡರಾಯಿತು ಎಂದು ಬಿಟ್ಟುಬಿಡುತ್ತವೆ. 2025ರವರೆಗೆ ಹಾಗೆ ಬಿಟ್ಟರೂ ದೊಡ್ಡ ನಷ್ಟವೇನೂ ಇರಲಿಲ್ಲ. 2026ರ ಜನವರಿ 1ರಿಂದ ದರಗಳು ಬದಲಾಗಿರುವುದರಿಂದ, ‘ಅಮೆರಿಕ ದ ಬ್ಯೂಟಿಫುಲ್’ ಎಂಬ ವಾರ್ಷಿಕ ಪಾಸ್ ಕೊಳ್ಳಬೇಕೋ ಬೇಡವೋ ಎಂಬುದನ್ನು ಈಗ ಮನೆಯಲ್ಲೇ ಕುಳಿತು ತೀರ್ಮಾನಿಸುವುದು ಒಳ್ಳೆಯದು. ಈ ಪಾಸನ್ನು ಹಲವು ವರ್ಷಗಳಿಂದ, ಊರಿನಿಂದ ಬಂದ ತಂದೆ ತಾಯಿಯರನ್ನು ಕರೆದುಕೊಂಡು ಹೋದಾಗಲೂ, ಬಳಸಿರುವ ನನಗೆ ಅದರ ಅನುಕೂಲಗಳಷ್ಟೇ ಅದರ ಎಲ್ಲೆಗಳೂ ಪರಿಚಿತವಾಗಿವೆ.

2007ರಲ್ಲಿ ಜಾರಿಗೆ ಬಂದ ಈ ಪಾಸಿನ ಬೆಲೆ ಬಹುಕಾಲ ಎಲ್ಲರಿಗೂ 80 ಡಾಲರ್ ಆಗಿತ್ತು. ಈಗ ಅಮೆರಿಕದ ನಿವಾಸಿಗಳಿಗೆ ಅದೇ 80 ಡಾಲರ್ ಉಳಿದಿದ್ದು, ಹೊರದೇಶದ ಪ್ರವಾಸಿಗರಿಗೆ 250 ಡಾಲರ್ ಆಗಿದೆ. ಇದಕ್ಕಿಂತ ಮುಖ್ಯವಾದ ಬದಲಾವಣೆ ಇನ್ನೊಂದಿದೆ: ಯೆಲ್ಲೋಸ್ಟೋನ್, ಗ್ರ್ಯಾಂಡ್ ಟೀಟನ್, ಗ್ರ್ಯಾಂಡ್ ಕ್ಯಾನಿಯನ್, ಜೈಯನ್, ಬ್ರೈಸ್ ಕ್ಯಾನಿಯನ್, ಯೊಸೆಮಿಟಿ ಸೇರಿದಂತೆ ಹೆಚ್ಚು ಜನ ಸೇರುವ 11 ಉದ್ಯಾನಗಳಲ್ಲಿ, ಪಾಸ್ ಇಲ್ಲದ ಹೊರದೇಶದ ಪ್ರವಾಸಿಗರು ಮಾಮೂಲು ಪ್ರವೇಶ ಶುಲ್ಕದ ಜೊತೆಗೆ ತಲೆಗೆ 100 ಡಾಲರ್ ಹೆಚ್ಚುವರಿಯಾಗಿ ಕೊಡಬೇಕು. ಹದಿನಾರು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಬೆಂಗಳೂರಿನಿಂದ ಬಂದ ದಂಪತಿ ಬಾಡಿಗೆ ಕಾರಿನಲ್ಲಿ ಜೈಯನ್, ಬ್ರೈಸ್, ಗ್ರ್ಯಾಂಡ್ ಕ್ಯಾನಿಯನ್ ಮೂರನ್ನು ನೋಡುತ್ತಾರೆ ಎಂದುಕೊಳ್ಳಿ. ಪ್ರತಿ ಉದ್ಯಾನದಲ್ಲಿ ವಾಹನಕ್ಕೆ 35 ಮತ್ತು ಇಬ್ಬರಿಗೆ 200, ಒಟ್ಟು 235 ಡಾಲರ್. ಮೂರು ಕಡೆ ಸೇರಿ 705 ಡಾಲರ್. ಇಬ್ಬರಿಗೂ ಸಾಕಾಗುವ ಒಂದು ಪಾಸಿಗೆ 250. ಒಂದೇ ಉದ್ಯಾನ ನೋಡಿ ಹಿಂದಿರುಗುವ ಇಬ್ಬರಿಗೆ ಮಾತ್ರ ಪಾಸ್ ಇಲ್ಲದೆ ಹದಿನೈದು ಡಾಲರ್ ಉಳಿಯುತ್ತದೆ. ಅಷ್ಟಕ್ಕಾಗಿ ಎರಡನೆಯ ಉದ್ಯಾನದ ಆಸೆ ಬಿಡುವುದು ಜಾಣತನವೆಂದು ನನಗೆ ತೋರುವುದಿಲ್ಲ.

ಅಲ್ಲಿಯೇ ನೆಲೆಸಿರುವವರ ಲೆಕ್ಕ ಬೇರೆ. ಯೂಟಾ ರಾಜ್ಯದಲ್ಲಿರುವ ಐದು ರಾಷ್ಟ್ರೀಯ ಉದ್ಯಾನಗಳಿಗೆ ಬಿಡಿಬಿಡಿಯಾಗಿ ಕೊಟ್ಟರೆ ಒಂದು ಕಾರಿಗೆ 150 ಡಾಲರ್ ತಗಲುತ್ತದೆ, ಪಾಸಿಗೆ 80 ಸಾಕು. ಆದರೆ ವರ್ಷಕ್ಕೊಮ್ಮೆ ಯೆಲ್ಲೋಸ್ಟೋನಿಗೆ ಮಾತ್ರ ಹೋಗಿಬರುವವರಿಗೆ ಪಾಸಿನ ಅಗತ್ಯವೇ ಇಲ್ಲ. 35 ಡಾಲರಿನ ಚೀಟಿಯೇ ಏಳು ದಿನ ನಡೆಯುತ್ತದೆ, ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಓಡಾಡಬಹುದು.

ಹಣದ ಉಳಿತಾಯಕ್ಕಿಂತ ನಾನು ಈ ಪಾಸನ್ನು ಮೆಚ್ಚುವುದು ಅದು ದಾರಿಯಲ್ಲಿ ಸಿಗುವ ಸಣ್ಣ ಜಾಗಗಳ ಬಾಗಿಲು ತೆರೆಯುತ್ತದೆ ಎಂಬ ಕಾರಣಕ್ಕೆ. ರಾಷ್ಟ್ರೀಯ ಉದ್ಯಾನ ಸೇವೆಯಲ್ಲದೆ ಅರಣ್ಯ ಸೇವೆ, ವನ್ಯಜೀವಿ ಸೇವೆ ಮೊದಲಾದ ಒಟ್ಟು ಆರು ಕೇಂದ್ರ ಸಂಸ್ಥೆಗಳ 2,000ಕ್ಕೂ ಹೆಚ್ಚು ತಾಣಗಳಲ್ಲಿ ಅದು ಸಲ್ಲುತ್ತದೆ. ಜೈಯನ್‌ನಿಂದ ಬ್ರೈಸ್‌ಗೆ ಹೋಗುವವರು ಸ್ವಲ್ಪ ಸುತ್ತು ಹಾಕಿದರೆ ಸೀಡರ್ ಬ್ರೇಕ್ಸ್ ಸಿಗುತ್ತದೆ. ಮೂರು ಸಾವಿರ ಮೀಟರಿಗೂ ಹೆಚ್ಚು ಎತ್ತರದ ಅಂಚಿನಲ್ಲಿ ನಿಂತು ಕೆಂಪು ಕಿತ್ತಳೆ ಬಣ್ಣದ ಕಲ್ಲಿನ ಕಣಿವೆಯನ್ನು ನೋಡುವ ಈ ಜಾಗಕ್ಕೆ, ತಲೆಗೆ ಲೆಕ್ಕ ಹಾಕಿ ಹಣ ಕೊಡಬೇಕೆಂದರೆ ‘ಬ್ರೈಸ್ ಹೇಗೂ ನೋಡುತ್ತೇವಲ್ಲ’ ಎಂದು ಹೆಚ್ಚಿನವರು ಮುಂದೆ ಸಾಗುತ್ತಾರೆ. ಇಂಥ ಕಡೆ ಪಾಸ್ ಇದ್ದವರ ಜೊತೆ ಇನ್ನೂ ಮೂವರು ವಯಸ್ಕರಿಗೆ ಪ್ರವೇಶವಿದೆ. ಕ್ಯಾಪಿಟಲ್ ರೀಫ್ ಇನ್ನೊಂದು ಉದಾಹರಣೆ. 24ನೇ ಸಂಖ್ಯೆಯ ಹೆದ್ದಾರಿ ಆ ಉದ್ಯಾನವನ್ನು ಹಾದುಹೋಗುವುದರಿಂದ ಕಾರಿನೊಳಗೆ ಕುಳಿತೇ ಬಂಡೆಗಳನ್ನು ನೋಡಿ, ಒಂದು ಕಾಸೂ ಕೊಡದೆ ದಾಟಿಬಿಡಬಹುದು. ಶುಲ್ಕವಿರುವುದು ಒಳಗಿನ ಸೀನಿಕ್ ಡ್ರೈವ್ ರಸ್ತೆಗೆ. ಕೈಯಲ್ಲಿ ಪಾಸ್ ಇದ್ದರೆ ಆ ರಸ್ತೆಗೂ ತಿರುಗುವ ಮನಸ್ಸಾಗುತ್ತದೆ. ಹಾಗೆ ತಿರುಗಿದಾಗ ಫ್ರೂಟಾ ಎಂಬಲ್ಲಿ ಹಿಂದಿನ ಮಾರ್ಮನ್ ಪಂಥದ ವಲಸಿಗರು ನೆಟ್ಟ ತೋಟಗಳಲ್ಲಿ ಇಳಿದು ಅಡ್ಡಾಡುವ ಪುರುಸೊತ್ತೂ ಸಿಗುತ್ತದೆ. ಬೇಸಿಗೆಯಲ್ಲಿ ಚೆರ್ರಿ ಮತ್ತು ಏಪ್ರಿಕಾಟ್, ಶರತ್ಕಾಲದಲ್ಲಿ ಸೇಬು. ಕೊಯ್ಲಿಗೆ ಬಿಟ್ಟಿರುವ ತೋಟದೊಳಗೆ ನಿಂತು ತಿನ್ನುವುದಕ್ಕೆ ಹಣವಿಲ್ಲ, ಕಟ್ಟಿಕೊಂಡು ಹೋಗುವುದಕ್ಕೆ ಮಾತ್ರ ತೂಗಿ ಕೊಡಬೇಕು. ನನ್ನ ತಾಯಿಗೆ ಇಡೀ ಪ್ರವಾಸದಲ್ಲಿ ಹಿಡಿಸಿದ್ದು ಗ್ರ್ಯಾಂಡ್ ಕ್ಯಾನಿಯನ್ ಅಲ್ಲ, ಈ ತೋಟ.

ಬಂಡೀಪುರ, ನಾಗರಹೊಳೆಗಳನ್ನು ಕಂಡವರು ರಾಷ್ಟ್ರೀಯ ಉದ್ಯಾನವೆಂದರೆ ಅರಣ್ಯ ಇಲಾಖೆಯ ವಾಹನದಲ್ಲಿ ನಿಗದಿತ ಹೊತ್ತಿನ ಸಫಾರಿ ಎಂದುಕೊಂಡಿರುತ್ತಾರೆ. ಇಲ್ಲಿ ಹಾಗಿಲ್ಲ, ನಿಮ್ಮದೇ ಕಾರು, ನಿಮ್ಮದೇ ಹೊತ್ತು. 1872ರಲ್ಲಿ ಘೋಷಣೆಯಾದ ಯೆಲ್ಲೋಸ್ಟೋನ್‌ನಲ್ಲಿ ಎಂಟರ ಅಂಕಿಯ ಆಕಾರದ ಮುಖ್ಯ ರಸ್ತೆಯೇ ಸುಮಾರು 230 ಕಿಲೋಮೀಟರ್ ಇದೆ, ಕಾಡೆಮ್ಮೆಗಳ ಹಿಂಡು ರಸ್ತೆಗಿಳಿದರೆ ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಆದ್ದರಿಂದ ಯಾವುದನ್ನು ಯಾವ ಹೊತ್ತಿಗೆ ನೋಡಬೇಕೆಂದು ಗೊತ್ತಿರಬೇಕು. ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಎಂಬ ಬಿಸಿನೀರಿನ ಬುಗ್ಗೆ ಸುಮಾರು 110 ಮೀಟರ್ ಅಗಲವಿದ್ದು, ನಡುವಿನ ಕಡುನೀಲಿಯ ಸುತ್ತ ಹಸಿರು, ಹಳದಿ, ಕಿತ್ತಳೆ ಬಳೆಗಳು ಹರಡಿಕೊಂಡಿರುತ್ತವೆ. ಆ ಬಣ್ಣಗಳು ಬಿಸಿನೀರಿನಲ್ಲೇ ಬದುಕುವ ಸೂಕ್ಷ್ಮಜೀವಿಗಳದು, ನೀರು ಅಂಚಿಗೆ ಬಂದಂತೆ ತಣಿಯುವುದರಿಂದ ಒಂದೊಂದು ಬಳೆಗೆ ಒಂದೊಂದು ಬಗೆಯ ಜೀವಿ. ಚಳಿ ಇರುವ ಮುಂಜಾನೆ ಹೋದರೆ ಆವಿಯೇ ಎಲ್ಲವನ್ನೂ ಮುಚ್ಚಿರುತ್ತದೆ. ಮಧ್ಯಾಹ್ನ, ಬಿಸಿಲೇರಿದ ಮೇಲೆ, ಫೇರಿ ಫಾಲ್ಸ್ ಕಡೆಯ ದಾರಿಯಿಂದ ಗುಡ್ಡ ಹತ್ತಿ ಮೇಲಿನಿಂದ ನೋಡಬೇಕು. ಅದೇ ಉದ್ಯಾನದ ಲೋವರ್ ಫಾಲ್ಸ್ ಬಗ್ಗೆ ಒಂದು ಮಾತು: 94 ಮೀಟರಿನ ಆ ಧುಮುಕನ್ನು ನೋಡಿ ಶಿವಮೊಗ್ಗದವರಾದ ನನ್ನ ತಂದೆ ‘ಜೋಗದ ಅರ್ಧವೂ ಇಲ್ಲವಲ್ಲೋ’ ಎಂದರು. ಎತ್ತರದಲ್ಲಿ ಅವರ ಮಾತು ನಿಜ. ಆದರೆ ಸುತ್ತಲಿನ ಹಳದಿ ಬಂಡೆಯ ಕಣಿವೆಯನ್ನು ನೋಡಿದ ಮೇಲೆ ಹೋಲಿಕೆ ಅಲ್ಲಿಗೇ ನಿಂತಿತು.

ಇನ್ನು ಪಾಸ್ ನಡೆಯದ ಕಡೆಗಳು. ಇದನ್ನು ತಿಳಿಯದೆ ಹೋದವರು ಗೇಟಿನಲ್ಲಿ ವಾದ ಮಾಡುವುದನ್ನು ನಾನೇ ನೋಡಿದ್ದೇನೆ. ಎಲ್ಲರ ಪಟ್ಟಿಯಲ್ಲೂ ಇರುವ ಆಂಟಿಲೋಪ್ ಕ್ಯಾನಿಯನ್ ಮತ್ತು ಮಾನ್ಯುಮೆಂಟ್ ವ್ಯಾಲಿ ನವಾಹೋ ಬುಡಕಟ್ಟಿನ ಆಡಳಿತಕ್ಕೆ ಸೇರಿದ ನೆಲ. ಅಲ್ಲಿ ಕೇಂದ್ರ ಸರ್ಕಾರದ ಪಾಸಿಗೆ ಬೆಲೆಯಿಲ್ಲ, ಆಂಟಿಲೋಪ್‌ನೊಳಗೆ ಅವರ ಮಾರ್ಗದರ್ಶಿ ಇಲ್ಲದೆ ಕಾಲಿಡುವಂತೆಯೇ ಇಲ್ಲ. ಹತ್ತಿರದ ಹಾರ್ಸ್ ಶೂ ಬೆಂಡ್‌ನ ವಾಹನ ನಿಲ್ದಾಣ ಪೇಜ್ ಪಟ್ಟಣದ್ದು, ಅಲ್ಲಿಯೂ ಬೇರೆ ಹಣ. ಮೋಆಬ್ ಬಳಿಯ ಡೆಡ್ ಹಾರ್ಸ್ ಪಾಯಿಂಟ್ ಕೇಂದ್ರದ್ದಲ್ಲ, ಯೂಟಾ ರಾಜ್ಯ ಸರ್ಕಾರದ ಉದ್ಯಾನ. ಮೌಂಟ್ ರಶ್‌ಮೋರ್‌ನಲ್ಲಿ ಪ್ರವೇಶ ಉಚಿತವಾದರೂ ವಾಹನ ನಿಲುಗಡೆಗೆ ಪಾಸ್ ಒಪ್ಪುವುದಿಲ್ಲ. ಬಿಡಾರದ ಜಾಗ, ಗುಹೆಗಳ ಮಾರ್ಗದರ್ಶಿ ಪ್ರವಾಸ, ಮುಂಗಡ ಕಾಯ್ದಿರಿಸುವಿಕೆ ಯಾವುದೂ ಪಾಸಿನಲ್ಲಿ ಸೇರಿಲ್ಲ. ಜೈಯನ್‌ನ ಏಂಜಲ್ಸ್ ಲ್ಯಾಂಡಿಂಗ್ ಬೆಟ್ಟ ಹತ್ತಲು 2022ರಿಂದ ಲಾಟರಿಯಲ್ಲಿ ಅನುಮತಿ ಪಡೆಯಬೇಕು. ಪಾಸ್ ತೋರಿಸಿದರೆ ನಡೆಯುವುದಿಲ್ಲ. ಆದರೆ ಅದೇ ಜೈಯನ್‌ನ ಕಣಿವೆಯಲ್ಲಿ ಓಡಾಡುವ ಷಟಲ್ ಬಸ್ಸು ಎಲ್ಲರಿಗೂ ಉಚಿತ, ಮಾರ್ಚ್‌ನಿಂದ ನವೆಂಬರ್‌ವರೆಗಿನ ಜನಸಂದಣಿಯ ಕಾಲದಲ್ಲಿ ಸ್ವಂತ ಕಾರನ್ನು ಆ ರಸ್ತೆಗೆ ಬಿಡುವುದೇ ಇಲ್ಲ. ಹಿರಿಯರಿಗೆ ಈ ವ್ಯವಸ್ಥೆ ಕಾರಿಗಿಂತ ಹಿತವಾಗಿದೆ. ಬೆಳಿಗ್ಗೆ ಬೇಗ ಹೋಗಿ ಕಾರು ನಿಲ್ಲಿಸಲು ಜಾಗ ಹಿಡಿಯುವುದೊಂದೇ ಕಷ್ಟ.

ಗಡಿ ದಾಟಿ ಕೆನಡಾದ ಕಡೆಗೂ ಹೋಗುವವರಿಗೆ ಈ ಪಾಸ್ ಉಪಯೋಗವಿಲ್ಲ. ಬ್ಯಾನ್ಫ್, ಜ್ಯಾಸ್ಪರ್‌ಗಳಿಗೆ ಅಲ್ಲಿನ ಡಿಸ್ಕವರಿ ಪಾಸ್ ಬೇರೆಯೇ ಇದ್ದು, ಮೊರೇನ್ ಸರೋವರಕ್ಕೆ 2023ರಿಂದ ಖಾಸಗಿ ಕಾರುಗಳನ್ನು ಬಿಡದ ಕಾರಣ ಬಸ್ಸಿನ ಆಸನವನ್ನು ಪ್ರತ್ಯೇಕವಾಗಿ ಕಾಯ್ದಿರಿಸಬೇಕು. ಹಾಗೆಯೇ, ಟೂರ್ ಕಂಪನಿಯ ಬಸ್ಸಿನಲ್ಲಿ ಹೋಗುವವರು ತಾವಾಗಿ ಪಾಸ್ ಕೊಳ್ಳುವ ಮೊದಲು, ಹೊಸ 100 ಡಾಲರ್ ಶುಲ್ಕ ಟೂರಿನ ದರದಲ್ಲಿ ಸೇರಿದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಬೇಕು. ಸಾಮಾನ್ಯವಾಗಿ ‘ಎಲ್ಲ ಸೇರಿದೆ’ ಎಂಬ ಮಾತಿನಲ್ಲಿ ಏನೇನು ಸೇರಿದೆ ಎಂಬುದು ಕೇಳಿದ ಮೇಲೆಯೇ ಗೊತ್ತಾಗುವುದು.

ಬಳಕೆಯ ಬಗ್ಗೆ ಒಂದೆರಡು ಸೂಚನೆಗಳು. ಪಾಸಿನ ಜೊತೆ ಭಾವಚಿತ್ರವಿರುವ ಗುರುತಿನ ಚೀಟಿಯನ್ನು ತೋರಿಸಬೇಕಾದ್ದರಿಂದ, ಪಾಸ್ ಯಾರ ಹೆಸರಿನಲ್ಲಿದೆಯೋ ಅವರು ಕಾರಿನಲ್ಲಿ ಇರಲೇಬೇಕು. ಕೊಂಡವರು ಹೋಟೆಲಿನಲ್ಲಿ ಮಲಗಿದ್ದು ಉಳಿದವರು ಹೋಗುತ್ತೇವೆಂದರೆ ಆಗದು. ಪ್ಲಾಸ್ಟಿಕ್ ಕಾರ್ಡಲ್ಲದೆ ಫೋನಿನಲ್ಲಿ ತೋರಿಸುವ ಪಾಸೂ ಈಗ ಬಂದಿದೆ. ಆದರೆ ಉದ್ಯಾನಗಳಲ್ಲಿ ಸಿಗ್ನಲ್ ಸಿಗುವ ಭರವಸೆ ಇಲ್ಲದ್ದರಿಂದ ಹೊರಡುವ ಮೊದಲೇ ಅದನ್ನು ಫೋನಿಗೆ ಇಳಿಸಿಕೊಂಡಿರಿ. ಕಾರ್ಡನ್ನು ಕೊಂಡ ತಿಂಗಳಿನಿಂದ ಮುಂದಿನ ವರ್ಷದ ಅದೇ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು. ಆದ್ದರಿಂದ ಜೂನ್ 28ಕ್ಕೆ ಕೊಳ್ಳುವ ಬದಲು ಜೂನ್ ಮೊದಲ ವಾರದಲ್ಲೇ ಪ್ರವಾಸ ಆರಂಭಿಸಿ ಕೊಂಡರೆ, ಮುಂದಿನ ಬೇಸಿಗೆಯ ಜೂನ್ ಪೂರ್ತಿ ಅದೇ 80 ಅಥವಾ 250 ಡಾಲರಿನಲ್ಲಿ ಇನ್ನೊಂದು ದಿಕ್ಕಿನ ಉದ್ಯಾನಗಳನ್ನೂ ನೋಡಬಹುದು.