ವೇಳಾವದರದ ಸಂಜೆ ಸಫಾರಿ: ಗಿಡುಗಗಳಿಗಾಗಿ, ಒಂದು ಗೂಬೆಗಾಗಿ

ಗುಜರಾತಿನ ಭಾವನಗರ ಜಿಲ್ಲೆಯ ವೇಳಾವದರ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನಕ್ಕೆ ಚಳಿಗಾಲದಲ್ಲಿ ಹೋಗುವವರು ಬೆಳಗಿನ ಸಫಾರಿಗಿಂತ ಸಂಜೆಯದನ್ನೇ ಆರಿಸಿಕೊಳ್ಳುವುದು ಲೇಸು. ಮಧ್ಯ ಏಷ್ಯಾದಿಂದ ವಲಸೆ ಬರುವ ಹ್ಯಾರಿಯರ್ ಗಿಡುಗಗಳು ಹಗಲೆಲ್ಲ ಸುತ್ತಲಿನ ಬಯಲಿನಲ್ಲಿ ಮಿಡತೆ ಹಿಡಿದು, ಹೊತ್ತು ಮುಳುಗುವಾಗ ಗುಂಪುಗುಂಪಾಗಿ ಇಲ್ಲಿಗೆ ಮರಳಿ, ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆಯೇ ರಾತ್ರಿ ಕಳೆಯುತ್ತವೆ. ಬೂದುಬಣ್ಣದ ಗಂಡೊಂದು ನಮ್ಮ ಜೀಪಿನ ಮುಂದೆಯೇ ತೇಲಿಬಂದು, ಕಾಲು ಇಳಿಬಿಟ್ಟು, ಹುಲ್ಲಿನೊಳಗೆ ಮಾಯವಾಯಿತು. ಗಿಡ್ಡ ಕಿವಿಯ ಗೂಬೆಯನ್ನು ತೋರಿಸಿಕೊಟ್ಟವರು ಮಾರ್ಗದರ್ಶಿ. ಅದು ಹಳದಿ ಕಣ್ಣು ತೆರೆಯುವವರೆಗೂ ನಾನು ಒಣಗಿದ ಸಗಣಿಯೆಂದೇ ತಿಳಿದಿದ್ದೆ. ದುರ್ಬೀನಿಲ್ಲದೆ ಹೋದರೆ ದುಡ್ಡು ದಂಡ. ಕತ್ತಲಾಗುವ ಮುನ್ನ ಹೊರಬರಬೇಕಾದ್ದರಿಂದ ಕೊನೆಯ ಹಕ್ಕಿಗಳು ಇಳಿಯುವುದನ್ನು ನಾವು ಗೇಟಿನ ಬಳಿ ನಿಂತೇ ನೋಡಿದೆವು.