ಬ್ಯಾಗ್ ಮಾಸ್ಕ್ ಒಬ್ಬರೇನಾ, ಇಬ್ಬರಾ, ಇಲ್ಲ ಐ-ಜೆಲ್ಲಾ?

ಮಂಡ್ಯದಲ್ಲಿ ಎಮರ್ಜೆನ್ಸಿ ಕೋರ್ಸ್ ಓದುತ್ತಿದ್ದೇನೆ. ಉಸಿರು ನಿಂತವರಿಗೆ ಗಾಳಿ ಕೊಡುವ ದಾರಿ ಮೂರು: ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು ಅದಕ್ಕೆ ಜೋಡಿಸಿದ ಬ್ಯಾಗ್ ಅನ್ನು ಒಬ್ಬರೇ ಒತ್ತುವುದು, ಅದನ್ನೇ ಇಬ್ಬರು ಸೇರಿ ಮಾಡುವುದು, ಇಲ್ಲ ಮಾಸ್ಕ್ ಬದಲು ಬಾಯಿಂದ ಗಂಟಲಿಗೆ ಇಳಿಸುವ ಐ-ಜೆಲ್ ಅನ್ನೋ ಕೊಳವೆಗೆ ಬ್ಯಾಗ್ ಜೋಡಿಸುವುದು. ಮೂರನ್ನೂ ಲ್ಯಾಬ್‌ನ ಬೊಂಬೆ ಮೇಲೆ ಎರಡು ವಾರ ಮಾಡಿ ನೋಡಿದೆ. ಜೂನಿಯರ್‌ಗಳು ಯಾವುದು ಒಳ್ಳೇದು ಅಂತ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಒಬ್ಬರೇ ಮಾಡುವುದು ನೋಡೋಕೆ ಸುಲಭ. ಎಡಗೈ ಹೆಬ್ಬೆರಳು, ತೋರುಬೆರಳು ಮಾಸ್ಕ್ ಮೇಲೆ 'ಸಿ' ಥರ, ಉಳಿದ ಮೂರು ಬೆರಳು ದವಡೆ ಮೂಳೆ ಕೆಳಗೆ 'ಇ' ಥರ, ಬಲಗೈಯಲ್ಲಿ ಬ್ಯಾಗ್. ನನ್ನ ಕೈ ಚಿಕ್ಕದು. ಎರಡು ನಿಮಿಷಕ್ಕೇ ಹೆಬ್ಬೆರಳ ಬುಡ ಸೆಳೆಯೋಕೆ ಶುರುವಾಗುತ್ತದೆ, ಹಿಡಿತ ಸಡಿಲವಾಗಿ ಬೊಂಬೆಯ ಬಲಗೆನ್ನೆ ಪಕ್ಕದಿಂದ ಪುಸ್ ಅಂತ ಗಾಳಿ ಹೋಗುತ್ತದೆ, ಎದೆ ಏಳುವುದೇ ಇಲ್ಲ. ಗಾಬರಿಯಲ್ಲಿ ಇನ್ನೂ ಜೋರಾಗಿ ಒತ್ತುತ್ತೇವೆ ಅಲ್ವಾ, ಅದೇ ದೊಡ್ಡ ತಪ್ಪು. ದೊಡ್ಡವರ ಬ್ಯಾಗ್‌ನಲ್ಲಿ ಸುಮಾರು 1.5 ಲೀಟರ್ ಇರುತ್ತದೆ, ಒಂದು ಉಸಿರಿಗೆ ಬೇಕಾದದ್ದು 500-600 ಎಂಎಲ್ ಅಷ್ಟೇ. ಜಾಸ್ತಿ ಒತ್ತಿದರೆ ಗಾಳಿ ಹೊಟ್ಟೆಗೆ ಇಳಿಯುತ್ತದೆ, ವಾಂತಿ ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಹುದು. ಗಡ್ಡ ಇದ್ದವರು, ಹಲ್ಲು ಬಿದ್ದು ಕೆನ್ನೆ ಒಳಗೆ ಹೋದ ಅಜ್ಜ ಅಜ್ಜಿಯರು ಇದ್ದರಂತೂ ಇನ್ನೂ ಕಷ್ಟ.

ಇಬ್ಬರು ಸೇರಿದಾಗ ಬೇರೆಯದೇ ಕಥೆ. ನಾನು ಎರಡೂ ಕೈಯಲ್ಲಿ ಮಾಸ್ಕ್ ಹಿಡಿದು ದವಡೆಯನ್ನು ಮಾಸ್ಕ್ ಕಡೆಗೆ ಎತ್ತಿದೆ, ಗೆಳತಿ ಒಂದು ಸೆಕೆಂಡಿನಷ್ಟು ಮೆಲ್ಲಗೆ ಬ್ಯಾಗ್ ಒತ್ತಿದಳು. ಅದೇ ಬೊಂಬೆ, ಅದೇ ಮಾಸ್ಕ್. ಮೊದಲ ಸಲಕ್ಕೇ ಎದೆ ಎದ್ದಿತು. ಸಿಪಿಆರ್ ನಡೆಯುವಾಗಲೂ ಇದು ಆಗುತ್ತದೆ, ಎದೆ ಒತ್ತುವವರೇ 30 ಒತ್ತಿ ಮುಗಿಸಿ ಎರಡು ಸಲ ಬ್ಯಾಗ್ ಒತ್ತಬಹುದು. ನನ್ನ ಪ್ರಕಾರ ಮೊದಲು ಕಲಿಯಬೇಕಾದ್ದು ಇದನ್ನೇ.

ಆದರೆ ಆಂಬ್ಯುಲೆನ್ಸ್ ಗಾಡಿ ಹೊರಟ ಮೇಲೆ? ಈಗ ತರಬೇತಿಯ ಪೋಸ್ಟಿಂಗ್‌ನಲ್ಲಿ ನಾನು ಹೆಚ್ಚಿಗೆ ಇರುವ ಕೈ. ಕೆಲಸಕ್ಕೆ ಸೇರಿದರೆ ಮುಂದೆ ಪೈಲಟ್ (ಗಾಡಿ ಓಡಿಸುವವರು), ಹಿಂದೆ ನಾನೊಬ್ಬಳೇ. ಒಂದು ದಿನ ಹಳ್ಳಿ ರಸ್ತೆಯಲ್ಲಿ ಕಬ್ಬಿನ ಗಾಡಿಗಳನ್ನು ದಾಟಿಕೊಂಡು ಬರುತ್ತಿದ್ದೆವು. ಪೈಲಟ್ ಅಣ್ಣ "ಹಂಪ್ ಐತೆ, ಹಿಡ್ಕಳಿ" ಅನ್ನುವಷ್ಟರಲ್ಲಿ ಇಎಂಟಿ (ಗಾಡಿಯಲ್ಲಿ ತುರ್ತು ಚಿಕಿತ್ಸೆ ಕೊಡುವ) ಅಕ್ಕನ ಕೈಯಲ್ಲಿದ್ದ ಮಾಸ್ಕ್ ಜಾರಿತ್ತು. ಅಷ್ಟು ಅನುಭವ ಇರುವವರಿಗೇ ಹಾಗೆ.

ಐ-ಜೆಲ್ ಗೆಲ್ಲುವುದು ಇಲ್ಲೇ. ಗಾಳಿ ತುಂಬಿ ಉಬ್ಬಿಸುವ ಬಲೂನ್ ಥರದ ಕಫ್ ಇದಕ್ಕಿಲ್ಲ. 50ರಿಂದ 90 ಕೆಜಿ ಇದ್ದವರಿಗೆ 4ನೇ ನಂಬರ್. ಜೆಲ್ಲಿ ಸವರಿ, ಅಂಗುಳಿಗೆ ತಾಗಿಸಿಕೊಂಡು ಇಳಿಸಿದರೆ ತಾನೇ ಒಂದು ಕಡೆ ನಿಲ್ಲುತ್ತದೆ. ಎದೆ ಏಳುತ್ತಾ ನೋಡಿ ಟೇಪ್ ಹಾಕಿದರೆ ಒಂದು ಕೈ ಖಾಲಿ, 6 ಸೆಕೆಂಡಿಗೆ ಒಂದು ಉಸಿರು. ಆದರೆ ಗಂಟಲು ಮುಟ್ಟಿದಾಗ ಓಕರಿಸುವವರಿಗೆ ಹಾಕಲೇಬಾರದು. ಬಾಯಲ್ಲಿ ವಾಂತಿ, ರಕ್ತ ಇದ್ದರೆ ಮೊದಲು ಸಕ್ಷನ್ ಮಾಡಿ ಹೀರಿ ತೆಗೆಯಬೇಕು, ಹಾಕಿದ ಮೇಲೂ ವಾಂತಿ ಒಳಗೆ ಹೋಗುವುದನ್ನು ಪೂರ್ತಿ ತಡೆಯುವುದಿಲ್ಲ.

ಸ್ಥಳದಲ್ಲಿ ಇಬ್ಬರ ಹಿಡಿತ, ಗಾಡಿ ಹೊರಡುವ ಮೊದಲು ಐ-ಜೆಲ್, ನಾನು ಇಟ್ಟುಕೊಂಡ ಲೆಕ್ಕ ಇದು. ಓಕರಿಕೆ ಇರುವ ರೋಗಿಯ ಜೊತೆ ಗಾಡಿಯಲ್ಲಿ ಒಬ್ಬಳೇ ಇದ್ದರೆ ಮಾತ್ರ ಆ ಒಂದು ಕೈ ಹಿಡಿತವೇ ಗತಿ, ಹಾಗಾಗಿ ಈಗಲೂ ದಿನಾ ಸಂಜೆ ಹತ್ತು ನಿಮಿಷ ಅದನ್ನೇ ಮಾಡುತ್ತೇನೆ, ಬಲಗೆನ್ನೆ ಕಡೆ ಕಿವಿ ಇಟ್ಟುಕೊಂಡು.