ಟೀವಿ ನೋಡಿ ಓಪಲ್ ತಗೊಳ್ಳೋಕೆ ಹೋಗೋರು ಒಂದ್ನಿಮಿಷ ನಿಂತು ಇದನ್ನ ಓದಿ

ಆಸ್ಟ್ರೇಲಿಯಾದಲ್ಲಿರೋ ನಮ್ಮೋರು, ಅದ್ರಲ್ಲೂ ಊರಿಂದ ಅಪ್ಪ ಅಮ್ಮನ್ನ ಕರೆಸ್ಕೊಂಡು ಎಲ್ಲಿಗಾದ್ರೂ ಸುತ್ತಾಡಿಸ್ಕೊಂಡು ಬರೋಣ ಅಂತಿರೋರು ದಯವಿಟ್ಟು ಓದಿ. ಓಪಲ್ ಅನ್ನೋ ಬಣ್ಣ ಆಡೋ ರತ್ನದ ಕಲ್ಲಿಗೆ ಅಂತ ನಮಗೆ ಹೋಗಿದ್ದು ಒಟ್ಟು 1,450 ಡಾಲರ್. ದುಡ್ಡಿಗಿಂತ ಜಾಸ್ತಿ ಉರಿಯೋದು ಏನಂದ್ರೆ ಅದನ್ನ ಎಣಿಸಿ ಕೊಟ್ಟೋನು ನಾನೇ.

ನಾವಿರೋದು ಅಡಿಲೇಡ್. ಹೋದ ವರ್ಷ ಅಪ್ಪ ಅಮ್ಮ ಮಂಡ್ಯದಿಂದ ಮೂರು ತಿಂಗಳಿಗೆ ಬಂದಿದ್ರು. ನಾನೂ ನನ್ನ ಹೆಂಡ್ತಿನೂ ಕೆಲಸಕ್ಕೆ, ಮಗಳು ಸ್ಕೂಲಿಗೆ, ಅಮ್ಮ ಹೇಗೋ ಹಿತ್ತಲಲ್ಲಿ ಕೊತ್ತಂಬರಿ ಮೆಂತ್ಯ ಹಾಕ್ಕೊಂಡು ಹೊತ್ತು ಕಳೀತಿದ್ರು, ಅಪ್ಪಂಗೆ ಮಾತ್ರ ಟೀವಿನೇ ಗತಿ. ಹಂಗೆ ಸಿಕ್ಕಿದ್ದು ಔಟ್‌ಬ್ಯಾಕ್ ಓಪಲ್ ಹಂಟರ್ಸ್. 2018ರಲ್ಲಿ ಶುರುವಾದ ಷೋ, ಆಸ್ಟ್ರೇಲಿಯಾದ ಬೇರೆಬೇರೆ ಕಡೆ ಓಪಲ್ ಅಗೆಯೋ ಟೀಮುಗಳ ಹಿಂದೆ ಕ್ಯಾಮೆರಾ ಹೋಗುತ್ತೆ. ಅಪ್ಪಂಗೆ ಅವ್ರ ಇಂಗ್ಲಿಷ್ ಅರ್ಧಕ್ಕರ್ಧ ಅರ್ಥ ಆಗ್ತಿರ್ಲಿಲ್ಲ, ಆದ್ರೆ ಮಿಷಿನ್ ಕೆಟ್ಟು, ಡೀಸೆಲ್ ಮುಗ್ದು, ಪಾರ್ಟ್ನರುಗಳು ಒಬ್ಬರಿಗೊಬ್ರು ಬಯ್ಕೊಂಡು ಮಣ್ಣು ಅಗೀತಿದ್ರೆ ಅದಕ್ಕೆ ಭಾಷೆ ಯಾಕೆ ಬೇಕು ಹೇಳಿ. "ಲೋ, ನಮ್ ಗದ್ದೇಲಿ ನಾಕು ಬೋರ್ ಹೊಡ್ಸಿದ್ದೂ ಇದೇ ಅಲ್ವೇನ್ಲಾ" ಅಂದ್ರು. ಒಂದಿನ ಅಲ್ಲಿಯ ಗಣಿಯವನೊಬ್ಬ ಬಗ್ಗಿಸಿದ ಎರಡು ತಂತಿ ಹಿಡ್ಕೊಂಡು ಎಲ್ಲಿ ಅಗೀಬೇಕು ಅಂತ ನೋಡ್ತಿದ್ದ (ಅಲ್ಲಿ ಕೆಲವರು ನಿಜಕ್ಕೂ ಹಂಗೆ ಮಾಡ್ತಾರೆ), ಅಪ್ಪ ಸೋಫಾದಿಂದ ಎದ್ದೇಬಿಟ್ರು. ನಮ್ಮಲ್ಲಿ ತೆಂಗಿನಕಾಯಿ ಅಂಗೈ ಮೇಲಿಟ್ಕೊಂಡು ಪಾಯಿಂಟ್ ನೋಡ್ತಾರಲ್ಲ, ಅದೇ! ಅಲ್ಲಿಂದ ಮುಂದೆ ಅವರನ್ನ ಹಿಡಿಯೋಕೆ ಆಗ್ಲಿಲ್ಲ.

ಒಂದು ನೋಟ್‌ಬುಕ್ ಮಾಡ್ಕೊಂಡ್ರು. ಹಾಲಿನ ಲೆಕ್ಕ ಬರೀತಿದ್ರಲ್ಲ, ಥೇಟ್ ಹಂಗೇ ಗೆರೆ ಹಾಕಿ, ಯಾವ ಟೀಮಿಗೆ ಎಷ್ಟು ಸಿಕ್ತು ಅಂತ ಪರದೆ ಮೇಲೆ ಬರೋ ಡಾಲರನ್ನ ದಿನಾ ಇಳಿಸ್ಕೊಳ್ಳೋರು, ಪಕ್ಕದಲ್ಲಿ ರೂಪಾಯಿಗೆ ಗುಣಿಸಿ. ನಾನು ನಗಾಡ್ತಿದ್ದೆ. ಆವಾಗ್ಲೇ ಕೂತ್ಕೊಂಡು ಅಪ್ಪಾ ಅದು ಅಂದಾಜು ಬೆಲೆ, ಚೆಕ್ ಅಲ್ಲ, ಕಲ್ಲು ಕೊಯ್ದು ಪಾಲಿಷ್ ಮಾಡಿ ಯಾರೋ ಒಬ್ರು ಕೊಂಡ್ಮೇಲೆ ತಾನೆ ದುಡ್ಡು, ಅದ್ರಲ್ಲಿ ಡೀಸೆಲ್ಲು ಮಿಷಿನ್ನು ತಿಂಗಳುಗಟ್ಟಲೆ ಕೂಲಿ ಕಳೀಬೇಕು ಅಂತ ಬಿಡಿಸಿ ಹೇಳಿದ್ದಿದ್ರೆ ಚೆನ್ನಾಗಿತ್ತು. ತಿಂಗಳುಗಟ್ಟಲೆ ಅಗೆತ ಒಂದು ಎಪಿಸೋಡಲ್ಲಿ ಮುಗಿಯುತ್ತೆ, ನೋಡೋರಿಗೆ ಗುಂಡಿ ತೋಡಿದ್ರೆ ಕಲ್ಲು ಬಂತು ಅಂತಲೇ ಅನ್ಸೋದು. ಅದ್ರ ಮೇಲೆ ಊರಿನ ಜೋಯಿಸರು ಬೇರೆ ಯಾವತ್ತೋ ಶುಕ್ರನಿಗೆ ವಜ್ರ ಆಗ್ದಿದ್ರೆ ಓಪಲ್ ಆದ್ರೂ ಹಾಕ್ಕೊಳ್ಳಿ ಅಂತ ಅಮ್ಮಂಗೆ ಹೇಳಿದ್ರಂತೆ. ಮುಗೀತು, ಓಪಲ್ ಗಣಿಗಳ ಊರು ಕೂಬರ್ ಪೀಡಿಗೆ ಹೋಗೋದೇ ಅಂತ ಆಯ್ತು.

ಅಡಿಲೇಡಿಂದ ಸುಮಾರು 850 ಕಿಲೋಮೀಟರ್. ಬೇಸಿಗೇಲಿ 45 ಡಿಗ್ರಿ ದಾಟುತ್ತೆ, ಹಂಗಾಗಿ ಜುಲೈ ರಜದಲ್ಲಿ ಹೋದ್ವಿ, ಮಧ್ಯೆ ಪೋರ್ಟ್ ಅಗಸ್ಟಾದಲ್ಲಿ ಒಂದು ರಾತ್ರಿ ತಂಗಿ. ಊರು ಮಾತ್ರ ನೋಡಲೇಬೇಕಾದ್ದು, ಅದ್ರಲ್ಲಿ ಎರಡು ಮಾತಿಲ್ಲ. 1915ರಲ್ಲಿ ಓಪಲ್ ಸಿಕ್ಕಿದ್ದು, ಆಮೇಲೆ ಸೆಕೆ ತಡೀಲಾರದೆ ಜನ ನೆಲದೊಳಗೇ ಮನೆ ಕೊರ್ಕೊಂಡ್ರು, ಚರ್ಚು ಹೋಟ್ಲು ಕೂಡ ಒಳಗೇ ಇದೆ. ಊರ ಸುತ್ತ ಎಲ್ಲಿ ನೋಡಿದ್ರೂ ಬಿಳಿ ಮಣ್ಣಿನ ಗುಡ್ಡೆ, ಪ್ರತಿ ಗುಡ್ಡೆ ಪಕ್ಕ ಬಾಯ್ತೆರ್ಕೊಂಡಿರೋ ಗುಂಡಿ. ಓಡಬೇಡಿ, ಹಿಂದಕ್ಕೆ ಹೆಜ್ಜೆ ಇಟ್ಕೊಂಡು ನಡೀಬೇಡಿ ಅಂತ ಬೋರ್ಡೇ ಹಾಕಿದಾರೆ, ಯಾಕಂದ್ರೆ ಫೋಟೋ ತೆಗ್ಯೋಕೆ ಅಂತ ಹಿಂದೆ ಹಿಂದೆ ಸರಿದು ಒಳಗೆ ಬೀಳ್ತಾರೆ. ಮಕ್ಕಳನ್ನ ಕರ್ಕೊಂಡು ಹೋಗೋರು ಕೈ ಬಿಡಬೇಡಿ, ತಮಾಷೆ ಅಲ್ಲ ಅದು.

ಗಣಿಯವರು ಬಿಸಾಕಿದ ಮಣ್ಣಲ್ಲಿ ಕಲ್ಲು ಆರಿಸೋದಕ್ಕೆ ಅಲ್ಲಿ ನೂಡ್ಲಿಂಗ್ ಅಂತಾರೆ. ಪ್ರವಾಸಿಗಳಿಗೆ ಅಂತಲೇ ಒಂದು ಜಾಗ ಬಿಟ್ಟಿದಾರೆ, ಅಲ್ಲಿ ಬಿಟ್ಟಿಯಾಗಿ ಹುಡುಕ್ಬೋದು, ಆದ್ರೆ ಕಂಡವರ ಕ್ಲೇಮ್ (ಅಗೆಯೋಕೆ ಅಂತ ಹಕ್ಕು ಪಡೆದಿರೋ ಜಾಗ) ಒಳಗೆ ಕಾಲಿಡೋ ಹಂಗಿಲ್ಲ. ನಾವು ಇಡೀ ದಿನ ಕುಕ್ಕರಗಾಲಲ್ಲಿ ಕೂತು ಕೆದಕಿದ್ವಿ. ಸಿಕ್ಕಿದ್ದು ಒಂದು ಮುಷ್ಟಿ ಪಾಚ್, ಅಂದ್ರೆ ಬಣ್ಣ ಆಡದ ಬರೀ ಬಿಳಿ, ಬೂದಿ ಓಪಲ್. ಮಗಳಿಗೆ ಅದೇ ಖುಷಿ, ಅಪ್ಪನ ಮುಖ ಮಾತ್ರ ಆರ್ನೂರು ಅಡಿ ಹೋದ್ರೂ ಬರೀ ಧೂಳು ಬಂದಾಗ ಇರುತ್ತಲ್ಲ ಹಂಗಿತ್ತು.

ಅವತ್ತೇ ಸಾಯಂಕಾಲ ನಾವು ಉಳ್ಕೊಂಡಿದ್ದ ಕಡೆ ಒಬ್ಬ ಸಿಕ್ಕಿದ. ಕೆಂಪು ಮಣ್ಣಾದ ಬೂಟು, ಗಡ್ಡ, ಟೀವಿಯಿಂದ ಇಳಿದು ಬಂದೋನ ತರ. ನಾನೂ ಆ ಷೋನಲ್ಲಿ ಇದ್ದೆ ಮೇಟ್ ಅಂತ ಫೋನಲ್ಲಿ ಯಾರ ಪಕ್ಕನೋ ನಿಂತಿರೋ ಫೋಟೋ ತೋರಿಸಿದ. ಯಾರ ಪಕ್ಕ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ, ಅಪ್ಪ "ಹೌದು ಹೌದು, ಇವ್ರನ್ನ ನೋಡಿವ್ನಿ" ಅಂದ್ಬಿಟ್ರು. ಉಪ್ಪಿನಕಾಯಿ ಜಾಡಿಯಷ್ಟು ದೊಡ್ಡ ಗಾಜಿನ ಜಾರ್ ತೆಗ್ದ, ನೀರು ತುಂಬಿ ಅದರೊಳಗೆ ಕಲ್ಲುಗಳು. ಇಳಿಬಿಸಿಲಿಗೆ ಹಿಡಿದ್ರೆ ಹಸಿರು, ನೀಲಿ, ಅಲ್ಲೊಂದು ಇಲ್ಲೊಂದು ಕೆಂಪು. 350 ಡಾಲರ್. ಆಮೇಲೆ ಜೇಬಿಂದ ಒಂದು ಬೆಳ್ಳಿ ಉಂಗುರ, ಅದರಲ್ಲಿ ಕಪ್ಪಗೆ ಮಿಂಚೋ ಕಲ್ಲು. ಸಾಲಿಡ್ (ಅಂದ್ರೆ ಅಂಟಿಸದ, ಇಡೀ ಒಂದೇ ಕಲ್ಲು) ಬ್ಲ್ಯಾಕ್ ಓಪಲ್, ಇಲ್ಲೇ ನನ್ನ ಸ್ವಂತ ಕ್ಲೇಮಲ್ಲಿ ತೆಗ್ದಿದ್ದು ಅಂದ. 1,250 ಹೇಳಿ, ಕ್ಯಾಷ್ ಕೊಟ್ರೆ 1,100 ಅಂದ.

ಇಲ್ಲೇ ನಾವು ಎಡವಿದ್ದು. ಬ್ಲ್ಯಾಕ್ ಓಪಲ್ ಎಲ್ಲಕ್ಕಿಂತ ದುಬಾರಿ ಅಂತ ಅಪ್ಪಂಗೆ ಗೊತ್ತಿತ್ತು, ನೋಟ್‌ಬುಕ್ಕಲ್ಲೇ ಬರ್ಕೊಂಡಿದ್ರು. ಆದ್ರೆ ಅದು ಹೆಸರುವಾಸಿ ಆಗಿರೋದು ಲೈಟ್ನಿಂಗ್ ರಿಜ್ಜಲ್ಲಿ, ಅದಿರೋದು ನ್ಯೂ ಸೌತ್ ವೇಲ್ಸಲ್ಲಿ, ಕೂಬರ್ ಪೀಡಿಯಿಂದ ಸಾವಿರ ಕಿಲೋಮೀಟರ್‌ಗೂ ಆಚೆ. ಕೂಬರ್ ಪೀಡಿದು ಹೆಚ್ಚಾಗಿ ಬಿಳಿ, ತಿಳಿ ಬಣ್ಣದ ಓಪಲ್. ಷೋನಲ್ಲಿ ಐದು ನಿಮಿಷ ಅಲ್ಲಿ, ಐದು ನಿಮಿಷ ಇಲ್ಲಿ ತೋರಿಸೋದ್ರಿಂದ ನಮ್ಮ ತಲೇಲಿ ಎಲ್ಲಾ ಒಂದೇ ಊರು ಆಗೋಗಿತ್ತು. ಏನೂ ಗೊತ್ತಿಲ್ದೋನಾಗಿದ್ರೆ ಅಪ್ಪ ಸುಮ್ನೆ ಕೈಮುಗಿದು ಬರ್ತಿದ್ರು, ಅರೆಬರೆ ಗೊತ್ತಿದ್ದಿದ್ದೇ ಮುಳುವಾಯ್ತು. ನನ್ನ ಹೆಂಡ್ತಿ "ಮಾವ, ಬೆಳಿಗ್ಗೆ ಅಂಗಡೀಲಿ ತೋರಿಸಿ ತಗೊಳ್ಳೋಣ" ಅಂತ ಎರಡು ಸಲ ಹೇಳಿದ್ಲು. ನಾನು, ಪಾಪ ಅಪ್ಪ ಇಷ್ಟು ದೂರ ಬಂದಿದಾರೆ ಅಂತ ಎಟಿಎಮ್ಮಿಗೆ ಹೋದೆ. ರಸೀದಿ ಗಿಸೀದಿ ಏನೂ ಇಲ್ಲ.

ಮನೆಗೆ ಬಂದು ಜಾರ್‌ನ ಅನ್ನ ಬಸಿಯೋ ತೂತಿನ ಪಾತ್ರೆಗೆ ಸುರಿದು ಕಿಟಕಿ ಹತ್ರ ಪೇಪರ್ ಮೇಲೆ ಹರಡಿದ್ವಿ. ಎರಡು ದಿನಕ್ಕೆ ಒಣಗಿತು ನೋಡಿ, ಬಣ್ಣನೂ ಹೋಯ್ತು. ಒರಟು ಕಲ್ಲಿನ ಮೇಲೆ ನೀರಿದ್ರೆ ಪಾಲಿಷ್ ಮಾಡಿದಂಗೆ ಕಾಣುತ್ತೆ, ಬಿರುಕೂ ಮುಚ್ಚೋಗುತ್ತೆ. ಉಳಿದಿದ್ದು ಹೆಚ್ಚುಕಮ್ಮಿ ನಾವು ಬಿಟ್ಟಿಯಾಗಿ ಆರಿಸಿದ್ವಲ್ಲ, ಅದೇ ಪಾಚು. ಬಣ್ಣ ಇದ್ದ ಏಳೆಂಟರಲ್ಲೂ ಕೂದಲೆಳೆ ಬಿರುಕು.

ಉಂಗುರ ಮೂರು ವಾರ ತಡ್ಕೊಳ್ತು. ಅಮ್ಮ ಅದನ್ನ ಹಾಕ್ಕೊಂಡೇ ಪಾತ್ರೆ ತೊಳೀತಿದ್ರು. ಒಂದಿನ ನೋಡಿದ್ರೆ ಕಲ್ಲಿನ ಅಂಚಿಂದ ಒಳಗೆ ಮಬ್ಬು, ಬಿಸಿ ಸಾರಿನ ಹಬೆಗೆ ಕನ್ನಡಕ ಮಂಜಾಗುತ್ತಲ್ಲ ಹಂಗೆ, ಒರೆಸಿದ್ರೂ ಹೋಗ್ಲಿಲ್ಲ. ಸಿಟೀಲಿ ಓಪಲ್ ಕೆಲಸ ಮಾಡೋ ಒಬ್ರ ಹತ್ರ ತಗೊಂಡೋದೆ. ಅವ್ರು ಕಲ್ಲನ್ನ ಉಂಗುರದಿಂದ ಬಿಡಿಸಿ, ಪಕ್ಕಕ್ಕೆ ತಿರುಗಿಸಿ ಭೂತಗನ್ನಡಿ ನನ್ನ ಕೈಗೇ ಕೊಟ್ರು. ಮೂರು ಪದರ, ಸ್ಕೇಲ್ ಇಟ್ಟು ಎಳೆದಂಗೆ ನೇರ ಗೆರೆ. ಮೇಲೆ ಗುಮ್ಮಟದ ತರ ಪಾರದರ್ಶಕ ಮುಚ್ಚಳ, ಕೆಳಗೆ ಕಪ್ಪು ತಳ, ನಡುವೆ ಈರುಳ್ಳಿ ಸಿಪ್ಪೆಯಷ್ಟು ತೆಳು ಓಪಲ್, ಎಲ್ಲಾ ಸೇರಿಸಿ ಗೋಂದು. ಟ್ರಿಪ್ಲೆಟ್ ಅಂತಾರಂತೆ. ನೀರು ಆ ಗೋಂದಿನೊಳಗೆ ಇಳಿದಿತ್ತು. ಟ್ರಿಪ್ಲೆಟ್ ಮಾರೋದೇನೂ ತಪ್ಪಲ್ಲ, ಅಂಗಡಿಗಳಲ್ಲಿ ಹಂಗಂತ ಬರ್ದೇ ಕಮ್ಮಿಗೆ ಮಾರ್ತಾರೆ. ನಮ್ದಕ್ಕೆ ಕೆಡೋಕೆ ಮುಂಚೆ ಬೆಳ್ಳಿ ಸೇರಿ ನೂರೈವತ್ತು ಇರ್ತಿತ್ತೇನೋ ಅಂದ್ರು.

ಅವ್ರು ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ನೀರಲ್ಲೋ ಎಣ್ಣೇಲೋ ಇರೋ ಕಲ್ಲನ್ನ ಹಂಗೇ ತಗೋಬೇಡಿ, ಹೊರಗೆ ತೆಗೆಸಿ ಒಣಗಿದ್ಮೇಲೆ ನೋಡಿ, ಮಾರೋನು ಒಪ್ಪದೇ ಇದ್ರೆ ಅಲ್ಲೇ ಉತ್ತರ ಸಿಕ್ತು. ಕಲ್ಲನ್ನ ಪಕ್ಕದಿಂದ ನೋಡೋಕೆ ಆಗ್ದಂಗೆ ಹಿಂದೆ ಸುತ್ತ ಮುಚ್ಚಿ ಕಟ್ಟಿದ್ರೆ ಯಾಕೆ ಅಂತ ಕೇಳಿ, ಡಬ್ಲೆಟ್ಟು (ಎರಡು ಪದರ ಅಂಟಿಸಿದ್ದು) ಟ್ರಿಪ್ಲೆಟ್ಟು ಗೊತ್ತಾಗೋದೇ ಪಕ್ಕದಿಂದ. ಸಾಲಿಡ್ಡಾ, ಯಾವ ಊರಿಂದು ಅಂತ ಬಿಲ್ಲಲ್ಲಿ ಬರೆಸ್ಕೊಳ್ಳಿ, ಕಾರ್ಡಲ್ಲೇ ದುಡ್ಡು ಕೊಡಿ. ಕೂಬರ್ ಪೀಡೀಲೇ ಒಳ್ಳೊಳ್ಳೆ ಅಂಗಡಿ ಬೇಕಾದಷ್ಟಿವೆ, ಟೀವೀಲಿ ಬಂದಿದ್ದೆ ಅನ್ನೋನ ಜೇಬಿಂದಲೇ ತಗೋಬೇಕು ಅಂತ ಏನಿಲ್ಲ. ಅವನನ್ನ ಹುಡುಕೋಕೆ ನಾನು ಉಳ್ಕೊಂಡಿದ್ದ ಜಾಗಕ್ಕೆ ಫೋನ್ ಮಾಡಿದ್ದೆ, ಅಂಥೋನು ಯಾರೂ ಇಲ್ಲಿ ಇಲ್ವಲ್ಲ ಅಂದ್ರು.

ಅಪ್ಪಂಗೆ ಪೂರ್ತಿ ಹೇಳಿದೆ. ಒಂದು ಮಾತೂ ಆಡ್ದೆ ಹೋಗಿ ನೋಟ್‌ಬುಕ್ ತಂದು, ಆ ಲಕ್ಷಗಟ್ಟಲೆ ಮೊತ್ತಗಳ ಕೆಳಗೆ 1,450 ಅಂತ ಬರೆದು ಪಕ್ಕದಲ್ಲಿ ಖರ್ಚು ಅಂತ ಹಾಕಿದ್ರು. ಪರವಾಗಿಲ್ಲ, ಬುದ್ಧಿ ಬಂತು ಅಂದ್ಕೊಂಡೆ. ಮೊನ್ನೆ ಊರಿಂದ ಫೋನ್. ಕರ್ನೂಲ್ ಜಿಲ್ಲೆ ಜೊನ್ನಗಿರಿ, ತುಗ್ಗಲಿ ಕಡೆ ಮುಂಗಾರು ಮಳೆ ಬಿದ್ಮೇಲೆ ಹೊಲದಲ್ಲಿ ವಜ್ರ ಹುಡುಕೋಕೆ ಜನ ಹೋಗ್ತಾರಲ್ಲ, ಅದ್ರ ವಿಡಿಯೋನ ಪಕ್ಕದ್ಮನೆಯೋರು ತೋರಿಸಿದಾರೆ. "ದುಡ್ ಕೊಟ್ಟು ಏನೂ ತಗೊಳಲ್ಲ ಕಣಪ್ಪಾ, ನಾವೇ ಆರುಸ್ಕೊಳೋದು, ಬರೀ ಬಸ್ ಚಾರ್ಜು" ಅಂತಿದಾರೆ. ಅಮ್ಮ ಆಗ್ಲೇ ಬುತ್ತಿಗೆ ರೊಟ್ಟಿ ಮಾಡ್ಕೊಡಲ್ಲ ಅಂದಿದಾರಂತೆ.